ಕಾಡಿನ ಬೆಂಕಿ ಮುಂದೆ ನಿಲ್ಲುವ ನಾಯಕನಿಗೆ ಡಿಗ್ರಿ ಒಂದೇ ಸಾಕೇ?

ಎರಡು ವರ್ಷದ ಹಿಂದಿನ ಮಾತು. ಮಾರ್ಚ್ ತಿಂಗಳು. ನಮ್ಮ ತಾಲ್ಲೂಕಿನ ಕಾಡಂಚಿನ ಗುಡ್ಡಕ್ಕೆ ಬೆಂಕಿ ಬಿದ್ದಿದೆ ಅಂತ ಫೋನ್ ಬಂತು. ಬೈಕ್ ಹತ್ತಿ ಹೋದೆ. ಗುಡ್ಡದ ನೆತ್ತಿಯಲ್ಲಿ ಹದಿನೈದು ಜನ ನಿಂತಿದ್ದರು. ಕೈಯಲ್ಲಿ ಹಸಿ ಸೊಪ್ಪು, ಎರಡು ಬ್ಲೋವರ್. ಕೆಳಗಿನ ಹಳ್ಳದಲ್ಲಿ ಬೆಂಕಿ. ಅಲ್ಲಿಗೆ ವರ್ಗವಾಗಿ ಬಂದು ಆರು ತಿಂಗಳಾಗಿದ್ದ ಅಧಿಕಾರಿ, "ನೇರ ಇಳಿದು ಹೊಡೀರಿ" ಅಂದರು.

ಗುಂಪಿನಲ್ಲಿದ್ದ ವಯಸ್ಸಾದ ಫೈರ್ ವಾಚರ್ ಒಬ್ಬರು ಮೆಲ್ಲಗೆ ಹೇಳಿದರು: "ಬ್ಯಾಡಿ ಸಾ. ಮಧ್ಯಾನ ಆಯ್ತಿದ್ದಂಗೆ ಗಾಳಿ ತಿರುಗ್ತದ. ಮೇಲಿಂದ ಇಳುದ್ರ ಬೆಂಕಿ ಬಾಯಿಗೇ ಹೋದಂಗ."

ಅಧಿಕಾರಿ ಒಂದು ಗಳಿಗೆ ಸುಮ್ಮನಿದ್ದರು. ಆಮೇಲೆ ಅವರ ಮಾತು ಕೇಳಿದರು. ಎಲ್ಲರೂ ದನದ ದಾರಿಯಲ್ಲಿ ಬಳಸಿಕೊಂಡು ಹೋಗಿ, ಆಗಲೇ ಸುಟ್ಟು ಕಪ್ಪಾಗಿದ್ದ ಕಡೆಯಿಂದ ಬೆಂಕಿ ಬಡಿದರು. ಮೂರು ಗಂಟೆಯ ಹೊತ್ತಿಗೆ ಗಾಳಿ ತಿರುಗಿತು. ನಾವು ಮೊದಲು ನಿಂತಿದ್ದ ಜಾಗಕ್ಕೆ ಬೆಂಕಿ ಓಡುತ್ತಾ ಹತ್ತಿ ಬಂತು.

ಅಂದು ಹದಿನೈದು ಜನ ಮನೆಗೆ ಬಂದರು. ಆ ಅಧಿಕಾರಿ ಕೆಟ್ಟವರಲ್ಲ, ದಡ್ಡರೂ ಅಲ್ಲ. ಅದು ಅವರ ಮೊದಲ ಬೇಸಿಗೆ, ಅಷ್ಟೇ. ಆದರೆ ಒಂದು ಪ್ರಶ್ನೆ ನನ್ನನ್ನು ಬಿಟ್ಟಿಲ್ಲ. ಆ ದಿನ ಅಲ್ಲಿ ಮುಂದಾಳಾಗುವ ಅರ್ಹತೆ ಯಾರಿಗಿತ್ತು? ಕಾಗದದ ಪ್ರಕಾರ ಅಧಿಕಾರಿಗೆ. ಬೆಂಕಿಯ ಪ್ರಕಾರ ದಿನಗೂಲಿಯ ವಾಚರ್‌ಗೆ.

ಕಾಗದ ಏನು ಕೇಳುತ್ತದೆ ನೋಡಿ. ನೇರ ನೇಮಕಾತಿಯಲ್ಲಿ ವಲಯ ಅರಣ್ಯಾಧಿಕಾರಿ ಆಗಲು ಪದವಿ ಬೇಕು, ಪರೀಕ್ಷೆ ಪಾಸಾಗಬೇಕು, ದೇಹದಾರ್ಢ್ಯ ಬೇಕು. ಐಎಫ್‌ಎಸ್ ಆಗುವ ಗಂಡಸರು 4 ಗಂಟೆಯಲ್ಲಿ 25 ಕಿಲೋಮೀಟರ್ ನಡೆದು ತೋರಿಸಬೇಕು, ಹೆಂಗಸರು 14 ಕಿಲೋಮೀಟರ್. ಆಮೇಲೆ ಅಕಾಡೆಮಿಯಲ್ಲಿ ತರಬೇತಿ. ಗಿಡಮರ, ಕಾನೂನು, ವನ್ಯಜೀವಿ, ಸರ್ವೆ ಎಲ್ಲದರ ನಡುವೆ ಬೆಂಕಿಯೂ ಒಂದು ಪಾಠ. ಇದೆಲ್ಲ ಬೇಕು, ಬೇಡ ಅನ್ನುತ್ತಿಲ್ಲ. ಆದರೆ ಬೆಂಕಿ ಎದುರು ಹದಿನೈದು ಜನರನ್ನು ನಿಲ್ಲಿಸುವವರು ಅದಕ್ಕೂ ಮುಂಚೆ ಎಷ್ಟು ಬೆಂಕಿ ನೋಡಿರಬೇಕು?

ಈ ಪ್ರಶ್ನೆಯ ಬೆಲೆ ನಮಗೆ ಗೊತ್ತಿದೆ. 2017ರ ಫೆಬ್ರವರಿಯಲ್ಲಿ ಬಂಡೀಪುರದ ಕಲ್ಕೆರೆ ವಲಯದಲ್ಲಿ ಬೆಂಕಿ ಆರಿಸಲು ಹೋದ ಫಾರೆಸ್ಟ್ ಗಾರ್ಡ್ ಒಬ್ಬರು ಸುಟ್ಟು ಸತ್ತರು. 2023ರ ಫೆಬ್ರವರಿಯಲ್ಲಿ ಸಕಲೇಶಪುರ ತಾಲ್ಲೂಕಿನಲ್ಲಿ ಇನ್ನೊಬ್ಬ ಗಾರ್ಡ್ ತೀರಿಕೊಂಡರು. 2020ರಲ್ಲಿ ಪಕ್ಕದ ಕೇರಳದ ತ್ರಿಶೂರ್ ಜಿಲ್ಲೆಯಲ್ಲಿ ಮೂವರು ವಾಚರ್‌ಗಳು ಹೋದರು. ಇಲ್ಲಿ ಯಾರ ತಪ್ಪು ಅಂತ ನಾನು ಹೇಳುತ್ತಿಲ್ಲ. ಸಾಯುವವರು ಯಾರು ಅನ್ನುವುದನ್ನಷ್ಟೇ ನೋಡಿ. ಗಾರ್ಡ್, ವಾಚರ್. ಅಂದರೆ ನಮ್ಮ ನಿಮ್ಮ ಊರಿನ ಮಕ್ಕಳು.

ಬೇರೆ ದೇಶದವರು ಇದಕ್ಕೆ ಏನು ಮಾಡಿದ್ದಾರೆ? ಅಮೆರಿಕದ ಮೊಂಟಾನಾ ರಾಜ್ಯದ ಮನ್ ಗಲ್ಚ್ ಎಂಬ ಕಣಿವೆಯಲ್ಲಿ 1949ರ ಆಗಸ್ಟ್ 5ರಂದು ಬೆಂಕಿ ತಿರುಗಿ ಬಿತ್ತು. ತಂಡದ ಮುಂದಾಳು ತನ್ನ ಮುಂದಿನ ಹುಲ್ಲಿಗೆ ತಾನೇ ಬೆಂಕಿ ಹಚ್ಚಿ, ಆ ಬೂದಿಯೊಳಗೆ ಮಲಗಿ, ನೀವೂ ಬನ್ನಿ ಅಂತ ಕೂಗಿದ. ಆ ತಂಡ ಅವನ ಜೊತೆ ಹೆಚ್ಚು ಕೆಲಸ ಮಾಡಿರಲಿಲ್ಲ. ಯಾರೂ ಅವನ ಮಾತು ಕೇಳಲಿಲ್ಲ, ಗುಡ್ಡ ಹತ್ತಿ ಓಡಿದರು. 13 ಜನ ಸತ್ತರು. ಅವನು ಬದುಕಿದ. ಮುಂದಾಳಿಗೆ ವಿದ್ಯೆ ಇದ್ದರೆ ಸಾಲದು, ತಂಡಕ್ಕೆ ಅವನ ಮೇಲೆ ನಂಬಿಕೆ ಇರಬೇಕು ಅಂತ ಆ ಬೆಂಕಿ ತೋರಿಸಿತು.

ಈಗ ಅಲ್ಲಿ ಯಾರೂ ಒಂದೇ ಸಲಕ್ಕೆ ನಾಯಕರಾಗುವುದಿಲ್ಲ. ಮೊದಲು ಕೆಳಗಿನ ಕೆಲಸ, ಆಮೇಲೆ ನಾಲ್ಕಾರು ಜನರ ಗುಂಪು, ಆಮೇಲೆ ಇಪ್ಪತ್ತು ಜನರ ತಂಡ, ಹೀಗೆ ಮೆಟ್ಟಿಲು. ಪ್ರತಿ ಮೆಟ್ಟಿಲಿಗೂ ಒಂದು ಪುಸ್ತಕ ಕೊಡುತ್ತಾರೆ. ನಿಜವಾದ ಬೆಂಕಿಯಲ್ಲಿ ಆ ಕೆಲಸ ಮಾಡಿ ತೋರಿಸಬೇಕು. ಅನುಭವಸ್ಥರು ನೋಡಿ ಸಹಿ ಹಾಕಬೇಕು. ಬೆಂಕಿ ಮುಂದೆ ದುಡಿಯುವವರು 20 ಕಿಲೋ ಭಾರ ಹೊತ್ತು 45 ನಿಮಿಷದಲ್ಲಿ 4.8 ಕಿಲೋಮೀಟರ್ ನಡೆದು ತೋರಿಸಬೇಕು. ಐದು ವರ್ಷ ಆ ಕೆಲಸ ಮಾಡದಿದ್ದರೆ ಸಾಮಾನ್ಯವಾಗಿ ಅರ್ಹತೆಯೇ ಬಿದ್ದುಹೋಗುತ್ತದೆ. ಇಷ್ಟಾದರೂ 2013ರಲ್ಲಿ ಅರಿಜೋನಾದಲ್ಲಿ ಒಂದೇ ಬೆಂಕಿಗೆ 19 ಜನ ಸತ್ತರು. ನಿಯಮ ಇದ್ದರೆ ಸಾವೇ ಇಲ್ಲ ಅಂತಲ್ಲ. ಇಷ್ಟು ನಿಯಮ ಇದ್ದಲ್ಲೇ ಹೀಗಾದರೆ, ಮೆಟ್ಟಿಲೇ ಇಲ್ಲದ ಕಡೆ ಗತಿ ಏನು ಅಂತ.

ಅವರ ಹಣ, ವಿಮಾನ ನಮಗೆ ಇಲ್ಲ ಅನ್ನಬಹುದು. ನಿಜ. ಆದರೆ ಸಹಿ ಹಾಕುವ ಪುಸ್ತಕಕ್ಕೆ ವಿಮಾನ ಬೇಡ. ಅನುಭವಕ್ಕೂ ನಮ್ಮಲ್ಲಿ ಬರ ಇಲ್ಲ. ಬಿಳಿಗಿರಿರಂಗನ ಬೆಟ್ಟದ ಸೋಲಿಗರು ಹಿಂದೆ, ಕಾಡು ಪೂರ್ತಿ ಒಣಗುವ ಮುಂಚೆಯೇ, 'ತರಗು ಬೆಂಕಿ' ಹಾಕುತ್ತಿದ್ದರು. ಉದುರಿದ ಎಲೆ ಸುಡುವಷ್ಟು ಸಣ್ಣ ಬೆಂಕಿ. ಅದನ್ನು ಮತ್ತೆ ಶುರು ಮಾಡಬೇಕೋ ಬೇಡವೋ ಅನ್ನುವುದು ಬೇರೆ ಚರ್ಚೆ. ಆದರೆ ಯಾವ ತಿಂಗಳು, ಯಾವ ಗಾಳಿ, ಯಾವ ಇಳಿಜಾರು ಅನ್ನುವ ಆ ತಿಳಿವಳಿಕೆ ಯಾವ ಅಂಕಪಟ್ಟಿಯಲ್ಲೂ ಬರುವುದಿಲ್ಲ. ಈಗ ಉಪಗ್ರಹ ಬೆಂಕಿ ಕಂಡ ಮೇಲೆ ಫೋನಿಗೆ ಮೆಸೇಜ್ ಬರುತ್ತದೆ. ಬೆಂಕಿ ಎಲ್ಲಿದೆ ಅಂತ ಅದು ಹೇಳುತ್ತದೆ. ಜನರನ್ನು ಯಾವ ದಾರಿಯಲ್ಲಿ ಇಳಿಸಬೇಕು, ಯಾವಾಗ ವಾಪಸ್ ಕರೆಯಬೇಕು ಅಂತ ಹೇಳುವುದಿಲ್ಲ.

ನನ್ನ ಪ್ರಕಾರ ಆಗಬೇಕಾದದ್ದು ಇಷ್ಟು. ಬೆಂಕಿ ತಂಡದ ಹೊಣೆ ಹೊರುವ ಮೊದಲು ಯಾರೇ ಆಗಲಿ ಕನಿಷ್ಠ ಎರಡು ಬೇಸಿಗೆ ಅನುಭವಸ್ಥರ ಕೈಕೆಳಗೆ ದುಡಿದಿರಬೇಕು, ಅದು ದಾಖಲೆಯಲ್ಲಿರಬೇಕು. ವಾಚರ್‌ಗಳಿಗೂ ಅದೇ ಪುಸ್ತಕ ಕೊಡಬೇಕು, ಹತ್ತು ಬೇಸಿಗೆ ಕಂಡವರಿಗೆ ತಂಡ ನಡೆಸುವ ಅಧಿಕಾರವನ್ನೂ ಅದಕ್ಕೆ ತಕ್ಕ ಸಂಬಳವನ್ನೂ ಕೊಡಬೇಕು. ಬೆಂಕಿ ಕಾಲದ ನಡುವೆ ವರ್ಗಾವಣೆ ಬೇಡ. ಎಲ್ಲಕ್ಕಿಂತ ಮುಖ್ಯ, "ವಾಪಸ್ ಬನ್ನಿ" ಅನ್ನುವವರನ್ನು ಹೇಡಿ ಅನ್ನಬಾರದು. ಸುಟ್ಟ ಕಾಡು ಮಳೆ ಬಿದ್ದರೆ ಚಿಗುರುತ್ತದೆ. ಹೋದ ಜೀವ ಬರುವುದಿಲ್ಲ.

ಸರ್ಕಾರ ಇದನ್ನೆಲ್ಲ ಯಾವಾಗ ಮಾಡುತ್ತದೋ ಗೊತ್ತಿಲ್ಲ. ಅಲ್ಲಿಯವರೆಗೆ ನಾವು ಕೇಳಬಹುದು. ಡಿಸೆಂಬರ್, ಜನವರಿಯಲ್ಲಿ ನಿಮ್ಮೂರಿನ ಗ್ರಾಮ ಅರಣ್ಯ ಸಮಿತಿ ಸಭೆ ಆದರೆ ಎದ್ದು ನಿಂತು ಮೂರೇ ಪ್ರಶ್ನೆ ಕೇಳಿ. ಈ ಬೇಸಿಗೆ ನಮ್ಮ ಹುಡುಗರನ್ನು ಬೆಂಕಿಗೆ ಕರೆದುಕೊಂಡು ಹೋಗುವವರು ಯಾರು? ಅವರು ಎಷ್ಟು ಬೆಂಕಿ ಆರಿಸಿದ್ದಾರೆ? ಗಾಳಿ ತಿರುಗಿದರೆ ಓಡಿ ಬರುವ ದಾರಿ ಯಾವುದು?

ಉತ್ತರ ಸಿಕ್ಕಿದ ಮೇಲೆ ಹುಡುಗರನ್ನು ಕಳಿಸಿ.