ಹಳೆಯ ಕಾರಿನ ಸೊಗಸು

ಇಲೆಕ್ಟ್ರಿಕ್ ಕಾರು ಓಡಿಸಿ ಬಂದವರು ತಮ್ಮ ಪೆಟ್ರೋಲ್ ಕಾರು ‘ಎಳೆಯುವುದೇ ಇಲ್ಲ’ ಎಂದು ಗೊಣಗುವುದನ್ನು ಕೇಳಿದ್ದೀರಾ? ಅದಕ್ಕೆ ಕಾರಣವಿದೆ. ಇಲೆಕ್ಟ್ರಿಕ್ ಮೋಟಾರು ನಿಂತಲ್ಲಿಂದಲೇ ಪೂರ್ಣ ಬಲದಿಂದ ಎಳೆಯುತ್ತದೆ. ಪೆಟ್ರೋಲ್ ಎಂಜಿನ್ ವೇಗವಾಗಿ ತಿರುಗಿದ ಮೇಲಷ್ಟೇ ಬಲ ಪಡೆಯುತ್ತದೆ. ಅದಕ್ಕೇ ಗೇರು, ಕ್ಲಚ್ಚು.

ಹಾಗಾದರೆ ಕಾರುಪ್ರಿಯರಿಗೆ ಹಳೆಯದು ಬೇಡವಾಯಿತೇ? ಇಲ್ಲ. 2023ರಲ್ಲಿ ಹ್ಯುಂಡೈ ಕಂಪೆನಿ ‘ಅಯಾನಿಕ್ 5 ಎನ್’ ಎಂಬ ಇಲೆಕ್ಟ್ರಿಕ್ ಕಾರಿಗೆ ಎಂಜಿನ್ನಿನ ಕೃತಕ ಸದ್ದನ್ನೂ, ಇಲ್ಲದ ಗೇರು ಬದಲಾದಂತಹ ಅನುಭವವನ್ನೂ ಸೇರಿಸಿತು! ಮಿಕ್ಸಿ ಬಂದ ಮೇಲೆ ತಾನೇ ರುಬ್ಬುಗಲ್ಲಿನ ಚಟ್ನಿಯ ರುಚಿ ನಮಗೆ ತಿಳಿದದ್ದು?

ದಿನದ ಓಡಾಟಕ್ಕೆ ಹೊಸ ಕಾರು ಬರಲಿ. ಆದರೆ ಹಳೆಯದನ್ನು ಮಾರಿಬಿಡಿ ಎಂದು ಮನೆಯವರನ್ನು ಒತ್ತಾಯಿಸುವ ಮುನ್ನ, ಅದನ್ನು ಓಡಿಸುವಾಗ ಅವರ ಮುಖವನ್ನೊಮ್ಮೆ ನೋಡಿ.