ವಾಲ್ವ್ ಮೇಲೆ ಹೆಸರು ಒಬ್ಬರದು, ಮಾಡಿದವರು ಇನ್ನೊಬ್ಬರು

ಹಳೇ ವಾಲ್ವ್ ರೇಡಿಯೋ ಕೇಳಿದವರಿಗೆ ನೆನಪಿರುತ್ತೆ. ಸ್ವಿಚ್ ಹಾಕಿ ಸ್ವಲ್ಪ ಹೊತ್ತು ಕಾಯಬೇಕು, ಒಳಗಿನ ಗಾಜಿನ ಬುರುಡೆಗಳು ಕೆಂಪಗಾಗಬೇಕು, ಆಮೇಲೆ ದನಿ. ಆ ವಾಲ್ವ್‌ಗಳ ಕತೆ ಮುಗೀತು ಅಂತ ನಮ್ಮ ಇಂಜಿನಿಯರಿಂಗ್ ಕಾಲೇಜಿನಲ್ಲಿ ಒಂದೇ ವಾಕ್ಯದಲ್ಲಿ ಹೇಳಿ ಟ್ರಾನ್ಸಿಸ್ಟರಿಗೆ ಹೋಗಿಬಿಟ್ಟಿದ್ದರು. ನಿಜ ಹೇಳಬೇಕೆಂದರೆ ಮುಗಿದೇ ಇಲ್ಲ. ಗಿಟಾರ್ ಆಂಪ್ಲಿಫೈಯರ್ ಮತ್ತು ಹೈಫೈ ಹುಚ್ಚಿನವರಿಗಾಗಿ ಸ್ಲೊವಾಕಿಯಾ, ರಷ್ಯಾ, ಚೀನಾಗಳಲ್ಲಿ ಈಗಲೂ ಹೊಸ ವಾಲ್ವ್ ತಯಾರಾಗುತ್ತಿವೆ. ಆದರೆ ಹುಚ್ಚು ಸ್ವಲ್ಪ ಜಾಸ್ತಿಯಾದವರಿಗೆ (ನನ್ನನ್ನೂ ಸೇರಿಸಿಕೊಳ್ಳಿ) ಹೊಸದು ಸಾಲದು. 50ರ, 60ರ ದಶಕದ್ದೇ ಬೇಕು. ಅದರಲ್ಲೂ ಮುಲಾರ್ಡ್ ಬೇಕು, ಟೆಲಿಫುಂಕೆನ್ ಬೇಕು, ಆಂಪರೆಕ್ಸ್ ಬೇಕು.

ನನ್ನ ತಕರಾರು ಇರೋದು ಈ ಹೆಸರುಗಳ ಬಗ್ಗೆ. ವಾಲ್ವ್ ಮೇಲೆ ದೊಡ್ಡದಾಗಿ ಕಾಣುವ ಹೆಸರು ಬರೀ ಬಣ್ಣ. ಬೆರಳಿನಿಂದ ಜೋರಾಗಿ ಉಜ್ಜಿದರೆ ಎಷ್ಟೋ ಸಲ ಅಳಿಸಿಯೇ ಹೋಗುತ್ತೆ. ಹೀಗೆ ಅಳಿಸಿಹೋಗುವ ಬಣ್ಣಕ್ಕೆ ನಾವು ದುಡ್ಡು ಕೊಡುತ್ತೇವೆ, ಅದನ್ನು ಮಾಡಿದ ಕಾರ್ಖಾನೆ ಯಾವುದು ಅಂತ ಕೇಳೋದೇ ಇಲ್ಲ.

ಬಣ್ಣಕ್ಕೂ ಕಾರ್ಖಾನೆಗೂ ಸಂಬಂಧ ಇರಲೇಬೇಕೆಂದೇನೂ ಆ ಕಾಲದಲ್ಲಿ ಇರಲಿಲ್ಲ. ಮುಲಾರ್ಡ್ ಇಂಗ್ಲೆಂಡಿನ ಕಂಪನಿ ಅಂತ ನಾವು ಅಂದುಕೊಂಡರೂ 1927ರ ಹೊತ್ತಿಗೇ ಅದು ಪೂರ್ತಿ ಹಾಲೆಂಡಿನ ಫಿಲಿಪ್ಸ್ ಕೈಗೆ ಹೋಗಿತ್ತು. ಜರ್ಮನಿಯಲ್ಲಿ ಫಿಲಿಪ್ಸ್‌ನ ಹೆಸರು ವಾಲ್ವೊ. ಅಮೆರಿಕದ ಆಂಪರೆಕ್ಸ್ ಕೂಡ 1955ರಲ್ಲಿ ಫಿಲಿಪ್ಸ್ ಮನೆ ಸೇರಿತು. ಒಂದೇ ಮನೆಯವರಾದ ಮೇಲೆ ಸಾಮಾನು ಅತ್ತಿಂದಿತ್ತ ಓಡಾಡದೇ ಇರುತ್ತಾ? ಆಂಪರೆಕ್ಸ್ ಹೆಸರಿನ, ತುತ್ತೂರಿ ಊದುವ ಹುಡುಗನ ಚಿತ್ರವಿರುವ ಎಷ್ಟೋ ವಾಲ್ವ್‌ಗಳು ಹುಟ್ಟಿದ್ದು ಹಾಲೆಂಡಿನ ಹೇರ್ಲೆನ್ ಊರಿನಲ್ಲಿ. ಫಿಶರ್, ಡೈನಾಕೊ ತರಹದ ಆಂಪ್ಲಿಫೈಯರ್ ಕಂಪನಿಗಳು ಟೆಲಿಫುಂಕೆನ್ ವಾಲ್ವ್ ಕೊಂಡು ತಮ್ಮ ಹೆಸರು ಅಚ್ಚು ಹಾಕಿಸಿಕೊಂಡವು. ಹಾಲ್ಟ್ರಾನ್ ಅನ್ನುವ ಹೆಸರಿನವರಂತೂ ಸಿಕ್ಕ ಸಿಕ್ಕ ಕಾರ್ಖಾನೆಯಿಂದ ತಂದು ತಮ್ಮ ಹೆಸರಲ್ಲಿ ಮಾರುತ್ತಿದ್ದರು. ಇದರಲ್ಲಿ ಮೋಸ ಏನಿಲ್ಲ, ಆಗಿನ ವ್ಯಾಪಾರವೇ ಹಾಗೆ. ನಾವು ಬೆಂಗಳೂರಲ್ಲಿ ಕೂತು ಬರೆದ ಕೋಡು ಯಾರದ್ದೋ ಹೆಸರಿನ ಪ್ರಾಡಕ್ಟ್ ಆಗಿ ಮಾರಾಟ ಆಗೋಲ್ಲವೇ, ಥೇಟ್ ಅದೇ ತರಹ.

ನಮ್ಮ ಸಾಫ್ಟ್‌ವೇರಿನವರಿಗೆ ಗಿಟ್‌ನಲ್ಲಿ ಬ್ಲೇಮ್ ಅಂತ ಒಂದು ಕಮಾಂಡ್ ಇದೆ. ಯಾವ ಸಾಲು ಯಾರು ಯಾವತ್ತು ಬರೆದದ್ದು ಅಂತ ಹೇಳಿಬಿಡುತ್ತೆ. ಫಿಲಿಪ್ಸ್‌ನವರು ಅಂಥದ್ದನ್ನು ಗಾಜಿನ ಮೇಲೇ ಇಟ್ಟಿದ್ದರು! ವಾಲ್ವಿನ ಕೆಳಭಾಗದಲ್ಲಿ, ಪಿನ್ನುಗಳಿಗಿಂತ ಸ್ವಲ್ಪ ಮೇಲೆ, ಬೂದು ಬಣ್ಣದ ಎರಡು ಪುಟ್ಟ ಸಾಲು ಇರುತ್ತೆ. ಅದು ಗಾಜನ್ನೇ ಸ್ವಲ್ಪ ಕೊರೆದು ಮಾಡಿದ ಗುರುತು, ಮೇಲಿನ ಬಣ್ಣದಷ್ಟು ಸುಲಭಕ್ಕೆ ಹೋಗೋಲ್ಲ. ಮೊದಲ ಸಾಲಿನಲ್ಲಿ ಯಾವ ವಾಲ್ವ್, ಅದರ ಎಷ್ಟನೇ ಪರಿಷ್ಕರಣೆ ಅನ್ನೋದು. ಇಸಿಸಿ83 ಆದರೆ 'ಐ63' ತರಹ, ಇಎಲ್34 ಆದರೆ 'ಎಕ್ಸ್‌ಎಫ್2' ತರಹ. ಎರಡನೇ ಸಾಲು ಇನ್ನೂ ಮಜಾ. 'ಬಿ5ಡಿ3' ಅಂತ ಇದೆ ಅಂದುಕೊಳ್ಳಿ. ಬಿ ಅಂದರೆ ಇಂಗ್ಲೆಂಡಿನ ಬ್ಲ್ಯಾಕ್‌ಬರ್ನ್ ಕಾರ್ಖಾನೆ, 5 ಅಂದರೆ ಐದರಲ್ಲಿ ಮುಗಿಯುವ ವರ್ಷ, ಡಿ ಅಂದರೆ ನಾಲ್ಕನೇ ತಿಂಗಳು, 3 ಅಂದರೆ ಆ ತಿಂಗಳ ಮೂರನೇ ವಾರ. ಬಿ ಜಾಗದಲ್ಲಿ ಪುಟ್ಟ ತ್ರಿಕೋನ ಇದ್ದರೆ ಹೇರ್ಲೆನ್, ಡಿ ಇದ್ದರೆ ಹ್ಯಾಂಬರ್ಗ್. ಮೇಲೆ ಏನೇ ಹೆಸರು ಬರೆದಿರಲಿ, ಹುಟ್ಟಿದ ಊರು ಇದು.

ವರ್ಷಕ್ಕೆ ಒಂದೇ ಅಂಕಿ ಇಟ್ಟಿದ್ದು ಮಾತ್ರ ನಮ್ಮ ವೈಟುಕೆ ತರಹದ ಎಡವಟ್ಟು :) 5 ಅಂದರೆ 1965ಓ 1975ಓ? ಆಗ ಒಳಗೆ ನೋಡಬೇಕು. ಮೊದಲ ಸಾಲಿನ ಪರಿಷ್ಕರಣೆಯ ಅಂಕಿ ಏನು, ಪ್ಲೇಟು ಉದ್ದವೋ ಗಿಡ್ಡವೋ, ಗಾಜಿನ ತಲೆಯ ಹತ್ತಿರ ಕನ್ನಡಿಯಂಥ ಕಲೆ ಬಿಡಿಸುವ ಗೆಟರ್ ಇರುತ್ತಲ್ಲ, ಅದರ ಆಕಾರ ಚೌಕವೋ, ಇಂಗ್ಲಿಷಿನ ಡಿ ತರಹವೋ, ಬಳೆ ತರಹ ದುಂಡಗೋ. ಇವನ್ನೆಲ್ಲ ಒಟ್ಟಿಗೆ ಇಟ್ಟು ನೋಡಿದರೆ ದಶಕ ಸಿಗುತ್ತೆ. ಯಾವುದೋ ಒಂದನ್ನೇ ಹಿಡಿದುಕೊಂಡು ಹಾರಾಡಬಾರದು.

ಅಮೆರಿಕದವರದ್ದು ಸರಳ. ಮೂರಂಕಿಯ ಸಂಖ್ಯೆ: 274 ಇದ್ದರೆ ಆರ್‌ಸಿಎ, 188 ಇದ್ದರೆ ಜಿಇ, 312 ಸಿಲ್ವೇನಿಯಾ, 322 ಟಂಗ್‌ಸಾಲ್. ಆರ್ಗನ್ ಮಾಡುವ ಕಂಪನಿಯ ಹೆಸರು ಹೊತ್ತ ವಾಲ್ವಿನ ಮೇಲೂ ಈ ಸಂಖ್ಯೆ ಇದ್ದರೆ ಮಾಡಿದವರು ಗೊತ್ತಾದ ಹಾಗೇ. ಟೆಲಿಫುಂಕೆನ್‌ನವರು ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ, ತಮ್ಮ ಕಾರ್ಖಾನೆಯ ವಾಲ್ವುಗಳ ಅಡಿಯಲ್ಲಿ, ಪಿನ್ನುಗಳ ನಡುವೆ, ಗಾಜಿನಲ್ಲೇ ವಜ್ರದಾಕಾರ ಮೂಡಿಸುತ್ತಿದ್ದರು. ಹೆಸರು ಟೆಲಿಫುಂಕೆನ್ ಇದ್ದು ವಜ್ರ ಇಲ್ಲದಿದ್ದರೆ ಬೇರೆಯವರ ಮಾಲು ಇರಬಹುದು ಅಂತ ಅನುಮಾನ ಪಡಬೇಕು. ಪ್ಲೇಟು ನುಣ್ಣಗಿದೆ, ಹಾಗಾಗಿ ಇದು ಟೆಲಿಫುಂಕೆನ್ನೇ ಅನ್ನುವವರಿದ್ದಾರೆ. ಯುಗೊಸ್ಲಾವಿಯಾದ ನಿಶ್ ಊರಿನ ಕಾರ್ಖಾನೆಯ ಇಸಿಸಿ83 ಪ್ಲೇಟೂ ಹಾಗೇ ನುಣ್ಣಗಿತ್ತು.

ಇನ್ನು ನಮ್ಮೂರಿನ ವಿಷಯ. ಜಾಲಹಳ್ಳಿಯ ಬಿಇಎಲ್ ಅಂದರೆ ಇವತ್ತಿನವರಿಗೆ ರೇಡಾರ್, ಇಲ್ಲಾ ವೋಟಿಂಗ್ ಮಶೀನು ನೆನಪಾಗುತ್ತೆ. 1954ರಲ್ಲಿ ಶುರುವಾದ ಈ ಸರ್ಕಾರಿ ಕಂಪನಿ 1961ರಲ್ಲಿ ರೇಡಿಯೋ ವಾಲ್ವ್ ಮಾಡತೊಡಗಿತು, ಫಿಲಿಪ್ಸ್ ಸಹಯೋಗದಲ್ಲಿ. ಬಿಇಎಲ್ ಅಂತ ಬರೆದ ಇಸಿಸಿ83, ಇಎಲ್84ಗಳನ್ನು ಈಗ ಪರದೇಶದವರು ಹುಡುಕಿ ಹುಡುಕಿ ಕೊಳ್ಳುತ್ತಾರೆ. ಮಾರುವವರ ಜಾಹೀರಾತಿನಲ್ಲಿ ಒಂದು ಮಾತು ಇದ್ದೇ ಇರುತ್ತೆ: ಇದು ಮುಲಾರ್ಡ್ ಮಶೀನುಗಳಲ್ಲಿ ತಯಾರಾದದ್ದು. ಅಂದರೆ, ಬೆಂಗಳೂರಲ್ಲಿ ಮಾಡಿದ್ದಾದರೂ ಚೆನ್ನಾಗಿದೆ, ಹೆದರಬೇಡಿ ಅಂತ! ಓದಿದಾಗಲೆಲ್ಲ ಮೈ ಉರಿಯುತ್ತೆ. ಕೂದಲಿನಂಥ ತಂತಿಯನ್ನು ಗ್ರಿಡ್ಡಿಗೆ ಸುತ್ತಿ, ಮೈಕಾ ಬಿಲ್ಲೆಗಳ ನಡುವೆ ನೆಟ್ಟಗೆ ನಿಲ್ಲಿಸಿ, ಗಾಳಿ ಎಳೆದು, ಗಾಜು ಮುಚ್ಚುವ ಕೆಲಸ ಮಶೀನು ತಂದಿಟ್ಟ ತಕ್ಷಣ ಬಂದುಬಿಡುತ್ತಾ? ಕೈ ಪಳಗಬೇಕು. ಪಳಗಿದ ಆ ಕೈಗಳು ಜಾಲಹಳ್ಳಿಯವು.

ಇದಕ್ಕಿಂತ ಬೇಸರದ್ದು ಇನ್ನೊಂದಿದೆ. ಬೆಂಗಳೂರಿನ ಪೇಟೆಯ ಒಂದು ಅಂಗಡಿಯಲ್ಲಿ ಮುಲಾರ್ಡ್ ಅಂತ ಬೆಳ್ಳಗೆ ಬರೆದ ಇಸಿಸಿ83 ತೋರಿಸಿದರು. ಅಕ್ಷರಗಳು ಹೊಸಾ ಮದುವೆ ಕಾರ್ಡಿನಷ್ಟು ಫಳಫಳ. ಕೆಳಗಡೆ ಕೊರೆದ ಕೋಡ್ ಇಲ್ಲ. ದೀಪಕ್ಕೆ ಓರೆಯಾಗಿ ಹಿಡಿದು ಗಾಜಿನ ಮೇಲೆ ಉಸಿರು ಬಿಟ್ಟೆ. ಆವಿಯಲ್ಲಿ, ಹೊಸ ಹೆಸರಿನ ಹಿಂದೆ ಸೊಟ್ಟಗೆ, ಬಿಇಎಲ್ ಅನ್ನುವ ಹಳೇ ಅಕ್ಷರಗಳ ನೆರಳು ಮೂಡಿತು. ಇದೇನ್ರೀ ಅಂದರೆ, "ಸಾರ್, ಬಿಇಎಲ್ ಅಂದ್ರೆ ಯಾರು ಕೊಳ್ತಾರೆ? ಈ ಹೆಸರಿಗೆ ನಾಲ್ಕು ಪಟ್ಟು ಬರತ್ತೆ" ಅಂತ ನಗುತ್ತಲೇ ಹೇಳಿದರು. ನಾನು ಕೊಳ್ಳಲಿಲ್ಲ. ಬೇರೆ ಯಾರೋ ಕೊಂಡಿರುತ್ತಾರೆ.

ಹಳೇ ಕಾಲದ ಹೆಸರು ಬದಲಾವಣೆಗೂ ಇದಕ್ಕೂ ವ್ಯತ್ಯಾಸ ಇದೆ. ಫಿಶರ್ ಹೆಸರು ಹಾಕಿದಾಗಲೂ ಗಾಜಿನ ಕೆಳಗಿನ ವಜ್ರ ಹಾಗೇ ಇತ್ತು. ಯಾರು ಬೇಕಾದರೂ ತಿರುಗಿಸಿ ನೋಡಬಹುದಿತ್ತು. ಇಲ್ಲಿ ಮಾಡಿದವರ ಗುರುತನ್ನೇ ಉಜ್ಜಿ ತೆಗೆಯುತ್ತಾರೆ. ಹೀಗೇ ನಡೆದರೆ ಇನ್ನು ಕೆಲವು ವರ್ಷಕ್ಕೆ ಬೆಂಗಳೂರಿನ ವಾಲ್ವ್ ಅಂತ ತೋರಿಸಲು ಒಳ್ಳೇ ಮಾಲು ಉಳಿಯೋಲ್ಲ. ಚೆನ್ನಾಗಿರೋದೆಲ್ಲ 'ಮುಲಾರ್ಡ್' ಆಗಿರುತ್ತೆ, ಕೆಟ್ಟದ್ದು ಮಾತ್ರ ಬಿಇಎಲ್ ಆಗಿ ಉಳಿದಿರುತ್ತೆ.

ಅಂಗಡಿಯವರನ್ನಷ್ಟೇ ಬೈದು ಪ್ರಯೋಜನ ಇಲ್ಲ ಬಿಡಿ. ಹೆಸರಿಗೇ ದುಡ್ಡು ಸುರಿಯುವ ನಾವು ಇರುವ ತನಕ ಅವರೂ ಬಣ್ಣ ಬಳಿಯುತ್ತಾರೆ. ಮುಲಾರ್ಡ್ ಹೆಸರಿನಲ್ಲಿ ಹೊಚ್ಚ ಹೊಸ ವಾಲ್ವುಗಳೂ ಬಂದಿವೆ. ನ್ಯೂಯಾರ್ಕಿನ ನ್ಯೂ ಸೆನ್ಸರ್ ಕಂಪನಿ ಹೆಸರಿನ ಹಕ್ಕು ಪಡೆದು ರಷ್ಯಾದ ಸರಾತೊವ್‌ನಲ್ಲಿ ಮಾಡಿಸಿದ್ದು. ಅದನ್ನು ಬ್ಲ್ಯಾಕ್‌ಬರ್ನಿನದ್ದು ಅಂದುಕೊಂಡು ಕಣ್ಣು ಮುಚ್ಚಿ ತಲೆದೂಗುವವರೂ ಇದ್ದಾರೆ. ಕಿವಿಗೆ ಅಷ್ಟು ಗೊತ್ತಾಗುವುದಾದರೆ ಬಣ್ಣ ಯಾಕೆ ನೋಡಬೇಕು ಅಂತ ನಾನು ಕೇಳಿದರೆ ಸ್ನೇಹ ಕೆಡುತ್ತೆ.

ದನಿ ಹೇಗಿರುತ್ತೆ ಅನ್ನೋದು ಅಳೆದು ನೋಡಬೇಕಾದ ವಿಷಯ. ಇಸಿಸಿ83ರ ಡೇಟಾಶೀಟಿನಲ್ಲಿ 250 ವೋಲ್ಟ್ ಪ್ಲೇಟಿಗೆ, ಗ್ರಿಡ್ಡಿಗೆ ಮೈನಸ್ 2 ವೋಲ್ಟ್ ಕೊಟ್ಟರೆ 1.2 ಮಿಲಿಆಂಪ್ ಹರಿಯಬೇಕು ಅಂತಿದೆ. ಒಳಗಿರುವ ಎರಡೂ ಟ್ರಯೋಡು ಅದರ ಆಸುಪಾಸಿನಲ್ಲಿ, ಒಂದಕ್ಕೊಂದು ಹತ್ತಿರ ಇದ್ದು, ಬೆರಳಲ್ಲಿ ತಟ್ಟಿದಾಗ ಸ್ಪೀಕರಿನಲ್ಲಿ ಗಂಟೆ ಹೊಡೆಯದಿದ್ದರೆ ಅದು ಒಳ್ಳೇ ವಾಲ್ವ್. ಸವೆದುಹೋದ ಮುಲಾರ್ಡ್‌ಗಿಂತ ಬಳಸದ ಬಿಇಎಲ್ ಎಷ್ಟೋ ಮೇಲು. ಹಾಗಾದರೆ ಮಾಡಿದವರು ಯಾರು ಅಂತ ಪತ್ತೆ ಯಾಕೆ ಅಂತೀರಾ? ದುಡ್ಡಿಗೆ ತಕ್ಕ ಮಾಲು ಸಿಗಲಿ ಅಂತ ಒಂದು, ಮಾಡಿದವರ ಹೆಸರು ಮಾಡಿದವರಿಗೇ ಇರಲಿ ಅಂತ ಇನ್ನೊಂದು.

ಅದಕ್ಕೇ, ಕೊಳ್ಳುವವರು ಮೇಲಿನ ಹೆಸರಿನ ಫೋಟೋ ಜೊತೆಗೆ ಕೆಳಗಿನ ಕೋಡು, ಗೆಟರ್, ಪ್ಲೇಟು, ಪಿನ್ನುಗಳ ನಡುವಿನ ಗಾಜು, ಇವಿಷ್ಟರ ಫೋಟೋ ಕೇಳಿ. ಕೊಡದಿದ್ದರೆ ಮುಂದೆ ಹೋಗಿ. ಅಟ್ಟದ ಮೇಲೆ ಅಜ್ಜನ ರೇಡಿಯೋ ಇದ್ದರೆ ಗುಜರಿಗೆ ಹಾಕುವ ಮುಂಚೆ ಹಿಂದಿನ ರಟ್ಟು ಬಿಚ್ಚಿ ನೋಡಿ (ಪ್ಲಗ್ ಹಾಕಬೇಡಿ, ಒಳಗೆ ಇನ್ನೂರೈವತ್ತು ವೋಲ್ಟ್ ಇರುತ್ತೆ). ಧೂಳು ಕೂತಿದ್ದರೆ ಬಟ್ಟೆಯಲ್ಲಿ ಉಜ್ಜಬೇಡಿ, ಅಕ್ಷರ ಹೋಗುತ್ತೆ, ಊದಿ ಸಾಕು. ಇನ್ನು ಮತ್ತಿಕೆರೆ, ಜಾಲಹಳ್ಳಿ ಕಡೆ ಇರುವವರ ಪೈಕಿ ಯಾರ ಮನೆಯಲ್ಲಾದರೂ ಬಿಇಎಲ್‌ನ ವಾಲ್ವ್ ವಿಭಾಗದಲ್ಲಿ ದುಡಿದು ನಿವೃತ್ತರಾದ ಹಿರಿಯರಿದ್ದರೆ, ಯಾವ ವಾಲ್ವು ಯಾವ ವರ್ಷ ಮಾಡಿದಿರಿ, ಅದರ ಮೇಲೆ ಏನು ಗುರುತು ಹಾಕುತ್ತಿದ್ದಿರಿ ಅಂತ ಕೇಳಿ ಒಂದು ನೋಟ್‌ಬುಕ್ಕಿನಲ್ಲಿ ಬರೆದಿಟ್ಟುಕೊಳ್ಳಿ. 1961ರಲ್ಲಿ ಇಪ್ಪತ್ತು ವರ್ಷದವರಾಗಿ ಕೆಲಸಕ್ಕೆ ಸೇರಿದವರಿಗೆ ಈಗ ಎಂಬತ್ತು ದಾಟಿದೆ.