ಟವೆಲ್ ಎಸೆಯುವ ಮುನ್ನ ನಿಂತವರನ್ನೊಮ್ಮೆ ನೋಡಿ

ಸಂಜೆಯ ಹೊತ್ತು ತಿಪಟೂರು ನಿಲ್ದಾಣಕ್ಕೆ ಹಳ್ಳಿ ಕಡೆಯ ಬಸ್ಸು ತಿರುಗಿದರೆ ಸಾಕು, ಜನ ಅದರ ಜೊತೆಗೇ ಓಡುತ್ತಾರೆ. ಬಸ್ಸು ನಿಲ್ಲುವ ಮೊದಲೇ ಟವೆಲ್ಲು, ಕರ್ಚೀಫು, ಕಾಲೇಜು ಬ್ಯಾಗು ಕಿಟಕಿಯಿಂದ ಒಳಗೆ ಬೀಳುತ್ತವೆ. ಅಲ್ಲಿಗೆ ಸೀಟು ಹಿಡಿದಂತಾಯಿತು. ಓಡಲಾರದವರು, ಕಿಟಕಿಯೆತ್ತರಕ್ಕೆ ಕೈ ಎತ್ತಲಾರದವರು ಕೊನೆಗೆ ಹತ್ತುತ್ತಾರೆ. ಅಷ್ಟರಲ್ಲಿ ಖಾಲಿ ಕಾಣುವ ಸೀಟಿನ ಮೇಲೆಲ್ಲ ಒಂದೊಂದು ಬಟ್ಟೆ ಬಿದ್ದಿರುತ್ತದೆ. ಕೂರುವ ಅಗತ್ಯ ಯಾರಿಗೆ ಹೆಚ್ಚೋ ಅವರೇ ಕಂಬಿ ಹಿಡಿದು ನಿಲ್ಲಬೇಕಾಗುತ್ತದೆ.

ತುರುವೇಕೆರೆ, ಚಿಕ್ಕನಾಯಕನಹಳ್ಳಿ ಪಟ್ಟಣಗಳಿಗೆ ರೈಲು ಬರುವುದಿಲ್ಲ. ಸಾಮಾನ್ಯ ಜನಕ್ಕೆ ಬಸ್ಸೇ ಗತಿ. ಹುಳಿಯಾರಿನಿಂದ ತುಮಕೂರಿನ ಜಿಲ್ಲಾಸ್ಪತ್ರೆಗೆ ಹೊರಟ ರೋಗಿ, ಬಾಣಂತನಕ್ಕೆ ತವರಿಗೆ ಬರುವ ಹೆಣ್ಣುಮಗಳು, ಪಿಂಚಣಿ ವಿಚಾರಿಸಲು ತಾಲ್ಲೂಕು ಕಚೇರಿಗೆ ಹೋಗುವ ಅಜ್ಜಿ, ಎಲ್ಲರೂ ಇದೇ ಬಸ್ಸುಗಳನ್ನು ನಂಬಿದವರು. ಕಿಬ್ಬನಹಳ್ಳಿ ಕ್ರಾಸ್‌ನಲ್ಲಿ ಇಳಿದು ಇನ್ನೊಂದು ಬಸ್ಸಿಗೆ ಕಾಯುವವರಿಗೆ ಸೀಟಿನ ಪರದಾಟ ಎರಡೆರಡು ಸಲ.

ನಮ್ಮ ಈ ತೆಂಗಿನ ಸೀಮೆಯ ದುಡಿಮೆಯೂ ಮೈಯನ್ನು ಸವೆಸುವಂಥದ್ದು. ಅಟ್ಟದ ಮೇಲೆ ತಿಂಗಳುಗಟ್ಟಲೆ ಒಣಗಿದ ಕಾಯಿಯನ್ನು ಇಳಿಸಬೇಕು, ಸುಲಿಯಬೇಕು, ಒಡೆದು ಉಂಡೆ ಕೊಬ್ಬರಿ ತೆಗೆಯಬೇಕು, ಚೀಲಕ್ಕೆ ತುಂಬಿ ಹೊರಬೇಕು. ಬೆಳಗಿನಿಂದ ಬಗ್ಗಿ ಕಾಯಿ ಸುಲಿದವನಿಗೆ ಸಂಜೆ ಸೊಂಟ ನೆಟ್ಟಗೆ ನಿಲ್ಲುವುದಿಲ್ಲ. ಮರ ಹತ್ತುವಾಗ ಬಿದ್ದು ಬೆನ್ನಿಗೆ ಪೆಟ್ಟು ಮಾಡಿಕೊಂಡವರಿಗೆ ಬಸ್ಸಿನ ಒಂದೊಂದು ಕುಲುಕಾಟವೂ ನೋವೇ. ಇವರಲ್ಲಿ ಎಷ್ಟೋ ಜನರ ತಲೆ ನರೆತಿಲ್ಲ, ಕೈಯಲ್ಲಿ ಕೋಲಿಲ್ಲ. ಮೂರು ತಿಂಗಳ ಗರ್ಭಿಣಿಯೂ ನೋಡುವವರ ಕಣ್ಣಿಗೆ ಎಲ್ಲರಂತೆಯೇ ಕಾಣುತ್ತಾಳೆ. ಜಪಾನ್‌ನಲ್ಲಿ 2006ರಲ್ಲಿ ಗರ್ಭಿಣಿಯರಿಗೆಂದೇ ಒಂದು ಬ್ಯಾಡ್ಜ್ ಬಂತು. ಬಸಿರು ಇನ್ನೂ ಕಾಣದ ದಿನಗಳಲ್ಲಿ ಅದನ್ನು ಚೀಲಕ್ಕೆ ತೂಗುಹಾಕಿಕೊಂಡರೆ ಅಕ್ಕಪಕ್ಕದವರಿಗೆ ತಿಳಿಯುತ್ತದೆ. ನಮ್ಮ ಬಸ್ಸುಗಳಲ್ಲಿ ಬಾಯಿಬಿಟ್ಟು ಹೇಳುವುದು, ಬಾಯಿಬಿಟ್ಟು ಕೇಳುವುದು ಬಿಟ್ಟರೆ ಬೇರೆ ದಾರಿಯಿಲ್ಲ.

2023ರ ಜೂನ್ 11ರಂದು ಮಹಿಳೆಯರಿಗೆ ಉಚಿತ ಬಸ್ ಪ್ರಯಾಣದ ಶಕ್ತಿ ಯೋಜನೆ ಶುರುವಾದ ಮೇಲೆ ಸೀಟಿನ ಮಾತಿಗೆ ಹೊಸ ಕಹಿ ಸೇರಿಕೊಂಡಿದೆ. 2025ರ ಜುಲೈ 14ಕ್ಕೆ ಈ ಯೋಜನೆಯಡಿ ಮಹಿಳೆಯರ ಪ್ರಯಾಣಗಳ ಸಂಖ್ಯೆ 500 ಕೋಟಿ ಮುಟ್ಟಿತು. ಬಸ್ಸು ತುಂಬಿದಾಗ ‘ಫ್ರೀಯಾಗಿ ಬಂದವರು ನಿಂತ್ಕಳಿ’ ಎಂಬ ಮಾತು ಕಿವಿಗೆ ಬೀಳುತ್ತದೆ. ಆದರೆ ಹಾಗೆ ಬಂದ ಹೆಣ್ಣುಮಗಳ ಕೈಯಲ್ಲಿರುವ ಶೂನ್ಯ ಟಿಕೆಟ್ಟಿನ ಹಣವನ್ನು ಸಾರಿಗೆ ನಿಗಮಕ್ಕೆ ಕೊಡಬೇಕಾದದ್ದು ಸರ್ಕಾರ. ಆಕೆಯೂ ಟಿಕೆಟ್ ಪಡೆದ ಪ್ರಯಾಣಿಕಳೇ. ಇತ್ತ ಕೆಎಸ್‌ಆರ್‌ಟಿಸಿ ಬಸ್ಸುಗಳಲ್ಲಿ ಅರ್ಧದಷ್ಟು ಸೀಟು ಗಂಡಸರಿಗೆ ಎಂದು ಅದೇ ಯೋಜನೆಯ ಆದೇಶದಲ್ಲಿದೆ. ಟಿಕೆಟ್ಟಿಗೆ ಕಾಸು ಕೊಟ್ಟೂ ನಿಂತಿರುವ ಎಪ್ಪತ್ತರ ಯಜಮಾನರ ಬೇಸರವೂ ಸುಳ್ಳಲ್ಲ. ಆದರೆ ಹೆಂಗಸರು–ಗಂಡಸರು ಎಂದು ಜಗಳ ಹತ್ತಿತೆಂದರೆ ಮಂಡಿನೋವಿನ ಅಜ್ಜಿಯನ್ನೂ, ಆಪರೇಷನ್ ಆದ ತಾತನನ್ನೂ ಯಾರೂ ನೋಡುವುದಿಲ್ಲ. ಗಟ್ಟಿಮುಟ್ಟಾದ ಹುಡುಗಿ ತಾತನಿಗೆ, ಗಟ್ಟಿಮುಟ್ಟಾದ ಹುಡುಗ ಬಸುರಿಗೆ ಎದ್ದು ಜಾಗ ಕೊಡಲು ಯಾವ ಆದೇಶದ ಅಡ್ಡಿಯೂ ಇಲ್ಲ.

ಕೇಳಿದರೆ ಯಾರು ಏಳುತ್ತಾರೆ ಎನ್ನುವವರು ಒಂದು ಹಳೆಯ ಪ್ರಯೋಗವನ್ನು ಗಮನಿಸಬೇಕು. 1970ರ ದಶಕದಲ್ಲಿ ಮನೋವಿಜ್ಞಾನಿ ಸ್ಟ್ಯಾನ್ಲಿ ಮಿಲ್‌ಗ್ರಾಂ ತಮ್ಮ ವಿದ್ಯಾರ್ಥಿಗಳನ್ನು ನ್ಯೂಯಾರ್ಕಿನ ಸಬ್‌ವೇ ರೈಲುಗಳಿಗೆ ಕಳಿಸಿದರು. ಕಾರಣವನ್ನೇ ಹೇಳದೆ, ‘ದಯವಿಟ್ಟು ನಿಮ್ಮ ಸೀಟು ಕೊಡುವಿರಾ’ ಎಂದು ಅಪರಿಚಿತರನ್ನು ಕೇಳುವುದು ಅವರ ಕೆಲಸ. ಶೇ 68ರಷ್ಟು ಮಂದಿ ಎದ್ದು ಸೀಟು ಬಿಟ್ಟುಕೊಟ್ಟರು, ಇಲ್ಲವೇ ಸರಿದು ಜಾಗ ಮಾಡಿದರು. ಬಾಯಿಬಿಟ್ಟು ಕೇಳುವುದೇ ವಿದ್ಯಾರ್ಥಿಗಳಿಗೆ ಮಹಾ ಕಷ್ಟವಾಗಿತ್ತು. ಯಾರನ್ನೂ ಅರಿಯದ ಮಹಾನಗರದಲ್ಲೇ ಹೀಗಾದರೆ, ಅಕ್ಕಪಕ್ಕದ ಊರಿನವರೇ ತುಂಬಿರುವ ಬಸ್ಸಿನಲ್ಲಿ ಸಂಕೋಚವೇಕೆ? ‘ಮಂಡಿ ನೋವು ಕಣಪ್ಪ, ಸ್ವಲ್ಪ ಜಾಗ ಕೊಡು’ ಎಂದು ಕೇಳುವುದು ಭಿಕ್ಷೆಯಲ್ಲ.

ಆದ್ದರಿಂದ ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿ ಮೂರೂ ತಾಲ್ಲೂಕಿನ ಪ್ರಯಾಣಿಕರಲ್ಲಿ ಕಳಕಳಿಯ ಮನವಿ: ಹಿರಿಯ ನಾಗರಿಕರಿಗೆ, ಅಂಗವಿಕಲರಿಗೆ ಎಂದು ಬರೆದಿರುವ ಸೀಟಿನ ಮೇಲೆ ಯಾರೂ ಟವೆಲ್ ಹಾಕದಿರಲಿ. ಬೇರೆ ಸೀಟಿನಲ್ಲಿ ಕೂತವರೂ ಒಬ್ಬರು ಹತ್ತಿದಾಗ ಮೊಬೈಲಿನಿಂದ ತಲೆಯೆತ್ತಿ ನೋಡಲಿ; ಕೇಳುವವರೆಗೆ ಕಾಯದೆ ‘ಬನ್ನಿ ಯಜಮಾನ್ರೆ, ಕುತ್ಕಳಿ’ ಎನ್ನಲಿ. ಎದ್ದವರನ್ನು ಯಾಕೆ ಎದ್ದೆ ಎಂದು, ಏಳದವರನ್ನು ಯಾಕೆ ಏಳಲಿಲ್ಲ ಎಂದು ಹಂಗಿಸುವುದು ಬೇಡ; ಏಳದವರಿಗೂ ಹೊರಗೆ ಕಾಣದ ನೋವಿರಬಹುದು. ಕಂಡಕ್ಟರ್ ಒಂದು ಮಾತು ಹೇಳಿದರೆ ಬಸ್ಸಿನಲ್ಲಿ ಅದಕ್ಕೆ ತೂಕ ಹೆಚ್ಚು. ಟಿಕೆಟ್ ಹರಿಯುತ್ತಲೇ ‘ಮುಂದಿನ ಸೀಟು ತಾತನಿಗೆ ಬಿಡ್ರಪ್ಪ’ ಎಂದರೆ ಆಯಿತು. ಕಿಟಕಿಯ ಮೇಲೆ ಅಳಿಸಿಹೋದ ಮೀಸಲು ಸೀಟಿನ ಅಕ್ಷರಗಳನ್ನು ಡಿಪೊದವರು ಮತ್ತೆ ಬರೆಸಲಿ. ಹೊಸದಾಗಿ ಬಸ್ ಪಾಸು ಪಡೆದು ಬರುವ ಮಕ್ಕಳಿಗೆ ಕಾಲೇಜಿನ ಮೇಷ್ಟರುಗಳು ವರ್ಷದ ಮೊದಲ ವಾರದಲ್ಲೇ ಈ ವಿಷಯ ಹೇಳಲಿ.

ಪೂರ್ತಿ ದಾರಿ ನಿಲ್ಲಲಾಗದವರು ಅರ್ಧ ದಾರಿಯಾದರೂ ಬಿಟ್ಟುಕೊಡಬಹುದು. ಚಿಕ್ಕನಾಯಕನಹಳ್ಳಿಯಿಂದ ಕಿಬ್ಬನಹಳ್ಳಿ ಕ್ರಾಸ್‌ವರೆಗೆ ಒಬ್ಬರು, ಅಲ್ಲಿಂದ ತಿಪಟೂರಿಗೆ ಇನ್ನೊಬ್ಬರು ಕೂತರೆ ಇಬ್ಬರಿಗೂ ಪ್ರಯಾಣ ಸಹ್ಯವಾಗುತ್ತದೆ. ಅದೂ ಆಗದಿದ್ದರೆ ನಿಂತವರ ಕೈಯ ಚೀಲವನ್ನೋ ಮಗುವನ್ನೋ ತೊಡೆಯ ಮೇಲೆ ತೆಗೆದುಕೊಳ್ಳಲಿ; ನಿಂತವರಿಗೆ ಕಂಬಿ ಹಿಡಿಯಲು ಎರಡೂ ಕೈ ಸಿಗುತ್ತವೆ.